ಹಲ್ಲಿನ ತಿರುಳನ್ನು ಉಳಿಸುವ ವಿದ್ಯೆ

ಹಲ್ಲು ಜೀವಂತ ಅಂಗ. ಅದರ ಮೇಲ್ಪದರವಾದ ಎನಾಮಲ್ ತೂಕದಲ್ಲಿ ಶೇ. 96ರಷ್ಟು ಖನಿಜ, ಮನುಷ್ಯನ ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಇಲ್ಲ. ಎನಾಮಲ್ ಕಟ್ಟುವ ಕೋಶಗಳು ಹಲ್ಲು ಒಸಡನ್ನು ಸೀಳಿ ಮೇಲೆ ಬರುವ ಹೊತ್ತಿಗೆ ಅಳಿದುಹೋಗಿರುತ್ತವೆ. ಆದ್ದರಿಂದ ಚಕ್ಕೆ ಎದ್ದ ಎನಾಮಲ್ ತಾನಾಗಿ ಮತ್ತೆ ಬೆಳೆಯುವುದಿಲ್ಲ. ಅದರ ಕೆಳಗಿನ ಡೆಂಟಿನ್‌ನ ಸ್ವಭಾವ ಬೇರೆ. ಅದರೊಳಗೆಲ್ಲ ಸೂಕ್ಷ್ಮ ಕೊಳವೆಗಳಿವೆ, ನಟ್ಟನಡುವೆ ರಕ್ತನಾಳ ಮತ್ತು ನರಗಳಿಂದ ತುಂಬಿದ ಮೆತ್ತನೆಯ ತಿರುಳು, ಅಂದರೆ ಪಲ್ಪ್, ಇದೆ. ತಿರುಳಿನ ಅಂಚಿನಲ್ಲಿ ಸಾಲುಗಟ್ಟಿ ನಿಂತ ಓಡಾಂಟೊಬ್ಲಾಸ್ಟ್ ಕೋಶಗಳು ತಿರುಳು ಬದುಕಿರುವವರೆಗೂ ಡೆಂಟಿನ್ ಕಟ್ಟುತ್ತಲೇ ಇರಬಲ್ಲವು. ಹೊರಗಿನಿಂದ ಹುಳುಕು ಹತ್ತಿರವಾದಂತೆ ಅವು ಒಳಗಿನಿಂದ ಹೊಸ ಪದರ ಹಾಕಿ ತಿರುಳನ್ನು ಹಿಂದಕ್ಕೆ ಸರಿಸುತ್ತವೆ. ದಂತವೈದ್ಯರು ಈ ಶಕ್ತಿಯನ್ನು ನಂಬಿ ಕೆಲಸ ಮಾಡಲು ಕಲಿಯುವುದಕ್ಕೆ ನೂರು ವರ್ಷ ಹಿಡಿಯಿತು.

ಹುಳುಕು ಹೇಗೆ ಹುಟ್ಟುತ್ತದೆ ಎಂಬುದನ್ನು 1890ರಲ್ಲಿ ಸ್ಪಷ್ಟವಾಗಿ ವಿವರಿಸಿದವರು ಬರ್ಲಿನ್‌ನಲ್ಲಿದ್ದ ಅಮೆರಿಕದ ದಂತವೈದ್ಯ ವಿಲ್ಲೋಬಿ ಮಿಲ್ಲರ್. ಬಾಯಿಯ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಆಮ್ಲವಾಗಿಸುತ್ತವೆ, ಆಮ್ಲ ಖನಿಜವನ್ನು ಕರಗಿಸುತ್ತದೆ. ಹಲ್ಲಿನ ಮೇಲ್ಮೈಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗತೊಡಗುತ್ತದೆ. ಪಿಎಚ್ ಮತ್ತೆ ಏರಿದಾಗ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಮರಳಿ ಬಂದು ಕೂರುತ್ತವೆ. ಬೆಳ್ಳಗಿನ ಮಚ್ಚೆಯಾಗಿ ಕಾಣುವ ಮೊದಲ ಹಂತದ ಹುಳುಕನ್ನು ಈ ಕಾರಣದಿಂದಲೇ ಕೊರೆಯದೆ ತಡೆದು ನಿಲ್ಲಿಸಬಹುದು. ಫ್ಲೋರೈಡ್ ಮರಳಿ ಕೂರುವ ಖನಿಜವನ್ನು ಆಮ್ಲಕ್ಕೆ ಸುಲಭವಾಗಿ ಬಗ್ಗದಂತೆ ಗಟ್ಟಿಮಾಡುತ್ತದೆ. ಇಲ್ಲಿ ಪ್ರಮಾಣವೇ ಮುಖ್ಯ: ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಹಲವು ಊರುಗಳಲ್ಲಿ ಕೊಳವೆಬಾವಿ ನೀರಿನ ಅತಿಯಾದ ಫ್ಲೋರೈಡ್, ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲೇ ಎನಾಮಲ್ ಅನ್ನು ಕೆಡಿಸಿ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಮೂಡಿಸುತ್ತದೆ.

ಇಪ್ಪತ್ತನೆಯ ಶತಮಾನದ ಮೊದಲರ್ಧದ ಚಿಕಿತ್ಸೆಯನ್ನು ಆಳಿದ್ದು ಅಮೆರಿಕದ ಜಿ. ವಿ. ಬ್ಲ್ಯಾಕ್ ಅವರ ಪಾಠ. ಹುಳುಕಿನ ಜೊತೆಗೆ ಸುತ್ತಲಿನ ಒಳ್ಳೆಯ ಭಾಗವನ್ನೂ ಕೊರೆದು ಗುಳಿಯನ್ನು ಹಿಗ್ಗಿಸಬೇಕು, ಮುಂದೆ ಅಲ್ಲಿ ಹುಳುಕು ಹಿಡಿಯಲು ಜಾಗವೇ ಇರಬಾರದು ಎಂಬುದು ಅದರ ಸಾರ. ಆ ಕಾಲಕ್ಕೆ ಅದು ತಪ್ಪು ಲೆಕ್ಕವಾಗಿರಲಿಲ್ಲ. ಬೆಳ್ಳಿ ಮತ್ತು ಪಾದರಸದ ಅಮಾಲ್ಗಮ್ ಹಲ್ಲಿಗೆ ಅಂಟುವುದಿಲ್ಲ, ಬುಡ ಅಗಲ ಬಾಯಿ ಕಿರಿದಾದ ಗುಳಿಯಲ್ಲಿ ಮಾತ್ರ ಕಚ್ಚಿ ನಿಲ್ಲುತ್ತದೆ. ಆದರೆ ಫಿಲ್ಲಿಂಗ್ ಬಿದ್ದಾಗಲೆಲ್ಲ ಗುಳಿ ಇನ್ನಷ್ಟು ದೊಡ್ಡದಾಗುತ್ತಿತ್ತು, ಹಲ್ಲಿನ ಗೋಡೆ ಇನ್ನಷ್ಟು ತೆಳುವಾಗುತ್ತಿತ್ತು.

ಈ ಸುತ್ತನ್ನು ಮುರಿದದ್ದು ಅಂಟಿಸುವ ವಿದ್ಯೆ. 1955ರಲ್ಲಿ ಮೈಕೆಲ್ ಬೊನೊಕೋರ್ ಎನಾಮಲ್ ಮೇಲೆ ಫಾಸ್ಫಾರಿಕ್ ಆಮ್ಲವನ್ನು ಅರ್ಧ ನಿಮಿಷ ಹಚ್ಚಿ ತೊಳೆದರೆ ಅದರ ಮೇಲ್ಮೈ ಸೂಕ್ಷ್ಮವಾಗಿ ಒರಟಾಗಿ, ರಾಳ ಅದರಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ ಎಂದು ತೋರಿಸಿದರು. 1960ರ ದಶಕದಲ್ಲಿ ರಾಫೆಲ್ ಬೋವೆನ್ ರೂಪಿಸಿದ ರಾಳದಿಂದ ಇಂದಿನ ಹಲ್ಲುಬಣ್ಣದ ಕಾಂಪೋಸಿಟ್ ಫಿಲ್ಲಿಂಗ್ ಬಂತು. 1972ರಲ್ಲಿ ಲಂಡನ್ನಿನ ವಿಲ್ಸನ್ ಮತ್ತು ಕೆಂಟ್ ಪ್ರಕಟಿಸಿದ ಗ್ಲಾಸ್ ಅಯಾನೊಮರ್ ಸಿಮೆಂಟ್ ಹಲ್ಲಿನ ಕ್ಯಾಲ್ಸಿಯಂಗೆ ರಾಸಾಯನಿಕವಾಗಿಯೇ ಅಂಟುತ್ತದೆ, ಜೊತೆಗೆ ಫ್ಲೋರೈಡ್ ಬಿಡುತ್ತದೆ. ಬಡವರ ಪಾಲಿಗೆ ಇದರ ಮಹತ್ವ ಇನ್ನೂ ದೊಡ್ಡದು. 1980ರ ದಶಕದಲ್ಲಿ ತಾಂಜಾನಿಯಾದ ಹಳ್ಳಿಗಳಲ್ಲಿ ವಿದ್ಯುತ್ತೂ ಇಲ್ಲದೆ, ಡ್ರಿಲ್ಲೂ ಇಲ್ಲದೆ, ಕೈ ಉಪಕರಣಗಳಿಂದ ಮೆತ್ತನೆಯ ಹುಳುಕನ್ನು ಕೆರೆದು ತೆಗೆದು ಗುಳಿ ತುಂಬುವ ಕ್ರಮ ಬೆಳೆಯಿತು. ಆಮೇಲೆ ಅದಕ್ಕೆ ಈ ಸಿಮೆಂಟೇ ಆಧಾರವಾಯಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಗ್ಲಾಸ್ ಅಯಾನೊಮರ್ ಅನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಅದರೊಂದಿಗೇ ಸೇರಿದ ಸಿಲ್ವರ್ ಡಯಾಮೈನ್ ಫ್ಲೋರೈಡ್ ದ್ರವವನ್ನು ಹುಳುಕಿಗೆ ಬರೀ ಹಚ್ಚಿದರೆ ಸಾಕು, ಅನೇಕ ಸಲ ಅದು ಅಲ್ಲಿಗೇ ನಿಲ್ಲುತ್ತದೆ. ಹಚ್ಚಿದ ಜಾಗ ಕಪ್ಪಾಗುವುದೊಂದೇ ದೊಡ್ಡ ತೊಡಕು. ಬೀಳಲಿರುವ ಹಾಲುಹಲ್ಲಿಗೆ ಅದು ಅಷ್ಟೇನೂ ಅಡ್ಡಿಯಲ್ಲ.

ಫಿಲ್ಲಿಂಗ್ ಬಿಗಿಯಾಗಿ ಅಂಟುತ್ತದೆ ಎಂದಾದ ಮೇಲೆ ಹಳೆಯ ನಿಯಮವೊಂದು ಪ್ರಶ್ನೆಗೆ ಬಂತು: ಹುಳುಕನ್ನು ಕೊನೆಯ ಕಣದವರೆಗೂ ತೆಗೆಯಲೇಬೇಕೇ? ಅಮೆರಿಕದಲ್ಲಿ ಹತ್ತು ವರ್ಷ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಹುಳುಕನ್ನು ಒಳಗೇ ಬಿಟ್ಟು ಮೇಲಿನಿಂದ ಮೊಹರು ಹಾಕಿದಂತೆ ಮುಚ್ಚಲಾಗಿತ್ತು. ಮುಚ್ಚಳ ಭದ್ರವಾಗಿದ್ದ ಹಲ್ಲುಗಳಲ್ಲಿ ಹುಳುಕು ಮುಂದುವರಿಯಲಿಲ್ಲ. ಸಕ್ಕರೆ ತಲುಪದ ಬ್ಯಾಕ್ಟೀರಿಯಾ ಹಲ್ಲನ್ನು ಕರಗಿಸಲಾರದು. ಈಗ ಆಳವಾದ ಹುಳುಕಿನಲ್ಲಿ ಗುಳಿಯ ಅಂಚನ್ನು ಪೂರ್ತಿ ಶುಚಿಮಾಡಿ, ತಿರುಳಿಗೆ ತೀರಾ ಹತ್ತಿರದ ಮೆತ್ತನೆಯ ಪದರವನ್ನು ಹಾಗೆಯೇ ಬಿಟ್ಟು ಮುಚ್ಚುವುದೇ ಮೇಲು ಎನಿಸಿಕೊಂಡಿದೆ. ಅದನ್ನೂ ಕೆರೆಯಹೋಗಿ ತಿರುಳನ್ನು ತೆರೆದಿಡುವುದರಿಂದಾಗುವ ಹಾನಿಯೇ ಹೆಚ್ಚು.

ತಿರುಳು ತೆರೆದುಕೊಂಡರೂ ಎಲ್ಲ ಮುಗಿದಂತಲ್ಲ. ಇದನ್ನು ಸಾಧಿಸಿದ 1965ರ ಪ್ರಯೋಗ ದಂತವಿಜ್ಞಾನದ ಅತ್ಯಂತ ಸ್ವಚ್ಛವಾದ ಪ್ರಯೋಗಗಳಲ್ಲಿ ಒಂದು. ಕಾಕೆಹಾಶಿ, ಸ್ಟ್ಯಾನ್ಲಿ ಮತ್ತು ಫಿಟ್ಜೆರಾಲ್ಡ್ ಎಂಬ ಸಂಶೋಧಕರು ಎರಡು ಗುಂಪಿನ ಇಲಿಗಳ ಹಲ್ಲು ಕೊರೆದು ತಿರುಳನ್ನು ಬಾಯಿಗೆ ತೆರೆದಿಟ್ಟರು. ಸಾಮಾನ್ಯ ಇಲಿಗಳಲ್ಲಿ ತಿರುಳು ಕೊಳೆತು ಕೀವಾಯಿತು. ಹುಟ್ಟಿನಿಂದಲೂ ಸೂಕ್ಷ್ಮಜೀವಿಯ ಸೋಂಕಿಲ್ಲದೆ ಬೆಳೆಸಿದ ಇಲಿಗಳಲ್ಲಿ, ಗುಳಿಯಲ್ಲಿ ತಿಂಡಿ ಸಿಕ್ಕಿಕೊಂಡಿದ್ದರೂ, ತಿರುಳು ಬದುಕಿ ಗಾಯದ ಮೇಲೆ ಡೆಂಟಿನ್ ಸೇತುವೆ ಕಟ್ಟಿತು. ತಿರುಳನ್ನು ಕೊಲ್ಲುವುದು ಗಾಯವಲ್ಲ, ಬ್ಯಾಕ್ಟೀರಿಯಾ ಎಂಬುದು ಅಲ್ಲಿಗೆ ಖಚಿತವಾಯಿತು.

ತೆರೆದ ತಿರುಳಿನ ಮೇಲೆ ಏನನ್ನಿಡಬೇಕು ಎಂಬುದು ಮುಂದಿನ ಪ್ರಶ್ನೆ. 1920ರಲ್ಲಿ ಜರ್ಮನಿಯ ಹರ್ಮನ್ ಪರಿಚಯಿಸಿದ ಕ್ಯಾಲ್ಸಿಯಂ ಹೈಡ್ರಾಕ್ಸೈಡ್, ಅಂದರೆ ಸುಣ್ಣದ ಪೇಸ್ಟ್, ಬಹುಕಾಲ ಬಳಕೆಯಲ್ಲಿತ್ತು. ಅದರ ತೀವ್ರ ಕ್ಷಾರಗುಣ ಬ್ಯಾಕ್ಟೀರಿಯಾವನ್ನು ಕೊಂದು ತಿರುಳನ್ನು ಕೆರಳಿಸಿ ಡೆಂಟಿನ್ ಕಟ್ಟಿಸುತ್ತದೆ. ಆದರೆ ಪೇಸ್ಟ್ ಕಾಲಕ್ರಮದಲ್ಲಿ ಕರಗುತ್ತದೆ, ಕಟ್ಟಿದ ಸೇತುವೆಯಲ್ಲೂ ತೂತುಗಳಿರುತ್ತವೆ. 1993ರಲ್ಲಿ ಕ್ಯಾಲಿಫೋರ್ನಿಯಾದ ಲೋಮಾ ಲಿಂಡಾ ವಿಶ್ವವಿದ್ಯಾಲಯದ ಮಹಮೂದ್ ತೊರಾಬಿನೆಜಾದ್ ಮತ್ತು ಸಂಗಡಿಗರು ಮುಂದಿಟ್ಟ ಎಂಟಿಎ (ಮಿನರಲ್ ಟ್ರೈಆಕ್ಸೈಡ್ ಅಗ್ರಿಗೇಟ್) ಈ ಕೊರತೆಯನ್ನು ತುಂಬಿತು. ಅದರ ಮುಖ್ಯ ಭಾಗ ಮನೆ ಕಟ್ಟುವ ಪೋರ್ಟ್‌ಲ್ಯಾಂಡ್ ಸಿಮೆಂಟೇ; ಎಕ್ಸ್‌ರೇಯಲ್ಲಿ ಕಾಣಿಸಲೆಂದು ಬಿಸ್ಮತ್ ಆಕ್ಸೈಡ್ ಬೆರೆಸಿದ್ದಾರೆ. ಇತರ ವಸ್ತುಗಳನ್ನು ಕೆಡಿಸುವ ಒದ್ದೆಯಲ್ಲಿ ಇದು ಗಟ್ಟಿಯಾಗುತ್ತದೆ ಎಂಬುದೇ ಇದರ ಹೆಚ್ಚುಗಾರಿಕೆ. ಆದರೆ ಗಟ್ಟಿಯಾಗಲು ಗಂಟೆಗಟ್ಟಲೆ ಬೇಕು, ಹಲ್ಲು ಬೂದುಬಣ್ಣಕ್ಕೆ ತಿರುಗಬಹುದು. ನಂತರ ಬಂದ ಕ್ಯಾಲ್ಸಿಯಂ ಸಿಲಿಕೇಟ್ ಸಿಮೆಂಟ್‌ಗಳು ಈ ದೋಷಗಳನ್ನು ತಗ್ಗಿಸಿವೆ. ಇವುಗಳ ಬಲದಿಂದ, ಹಿಂದೆ ನೇರವಾಗಿ ರೂಟ್ ಕೆನಾಲ್‌ಗೆ ಹೋಗುತ್ತಿದ್ದ ಎಷ್ಟೋ ಹಲ್ಲುಗಳಲ್ಲಿ ಈಗ ಕೆಟ್ಟ ಮೇಲ್ತಿರುಳನ್ನು ಮಾತ್ರ ಕತ್ತರಿಸಿ ಬೇರಿನ ತಿರುಳನ್ನು ಉಳಿಸಿಕೊಳ್ಳಲಾಗುತ್ತಿದೆ.

ತಿರುಳು ಪೂರ್ತಿ ಸತ್ತಾಗ ರೂಟ್ ಕೆನಾಲ್ ಬೇಕೇ ಬೇಕು. ಬೇರಿನೊಳಗಿನ ನಾಳವನ್ನು ನಿಕಲ್-ಟೈಟಾನಿಯಂ ಫೈಲ್‌ಗಳಿಂದ ಉಜ್ಜಿ, ಸೋಡಿಯಂ ಹೈಪೋಕ್ಲೋರೈಟ್‌ನಿಂದ ತೊಳೆದು, ಗಟ್ಟಾಪರ್ಚಾ ಎಂಬ ಮರದ ಹಾಲಿನ ವಸ್ತುವಿನಿಂದ ಮುಚ್ಚುತ್ತಾರೆ. ಇಂಥ ಹಲ್ಲು ಮುರಿಯುವುದು ಮುಖ್ಯವಾಗಿ ಹುಳುಕಿನಿಂದಲೂ ಕೊರೆತದಿಂದಲೂ ಗೋಡೆಗಳು ಕಳೆದುಹೋಗಿರುವುದರಿಂದ. ದವಡೆ ಹಲ್ಲಿಗೆ ಕ್ಯಾಪ್ ಹಾಕಿಸುವುದನ್ನು ಮುಂದೂಡಬಾರದು ಎನ್ನುವುದು ಅದಕ್ಕೇ.

ಬೇರು ಇನ್ನೂ ಬೆಳೆಯುತ್ತಿರುವ ಮಕ್ಕಳ ಹಲ್ಲಿನಲ್ಲಿ ಈ ವಿಧಾನ ಸಾಲದು. ಬೇರಿನ ತುದಿ ತೆರೆದಿರುತ್ತದೆ, ಗೋಡೆ ತೆಳ್ಳಗಿರುತ್ತದೆ. 2001ರಲ್ಲಿ ಜಪಾನಿನಿಂದ, 2004ರಲ್ಲಿ ಅಮೆರಿಕದಿಂದ ಬಂದ ವರದಿಗಳ ನಂತರ ಬೇರೊಂದು ದಾರಿ ಹಬ್ಬಿತು: ನಾಳವನ್ನು ಸೋಂಕಿನಿಂದ ಬಿಡಿಸಿ, ಬೇರಿನ ತುದಿಯಿಂದ ಬೇಕೆಂದೇ ರಕ್ತ ಬರಿಸಿ, ಆ ಹೆಪ್ಪಿನ ಮೇಲೆ ಸಿಮೆಂಟ್ ಮುಚ್ಚುವುದು. ಎಷ್ಟೋ ಹಲ್ಲುಗಳಲ್ಲಿ ಬೇರು ಮತ್ತೆ ಉದ್ದವಾಗಿ, ದಪ್ಪವಾಗಿ ಬೆಳೆದಿದೆ. ಒಳಗೆ ಹುಟ್ಟುವುದು ಬಹುಮಟ್ಟಿಗೆ ನಿಜವಾದ ತಿರುಳಲ್ಲ, ಮೂಳೆಯನ್ನೂ ಬೇರಿನ ಹೊರಪದರವಾದ ಸಿಮೆಂಟಮ್ ಅನ್ನೂ ಹೋಲುವ ಅಂಗಾಂಶ. ಆದರೂ ಹತ್ತು ವರ್ಷದ ಮಗುವಿನ ಮುಂಹಲ್ಲು ಉಳಿಯುವುದು ಸಣ್ಣ ಲಾಭವಲ್ಲ.

ಬಿದ್ದ ಪೆಟ್ಟಿಗೆ ಬೇರುಸಹಿತ ಉದುರಿದ ಶಾಶ್ವತ ಹಲ್ಲನ್ನೂ ಉಳಿಸಬಹುದು. ಬೇರಿಗೆ ಅಂಟಿಕೊಂಡ ಜೀವಕೋಶಗಳು ಒಣಗಿದರೆ ಒಂದು ಗಂಟೆಯೊಳಗೆ ಹೆಚ್ಚಿನವು ಸಾಯುತ್ತವೆ. ಹಲ್ಲಿನ ಮೇಲ್ಭಾಗವನ್ನಷ್ಟೇ ಹಿಡಿದು, ಬೇರನ್ನು ಉಜ್ಜದೆ ತೊಳೆದು, ತಕ್ಷಣ ಅದರ ಗೂಡಿಗೇ ಸೇರಿಸುವುದು ಎಲ್ಲಕ್ಕಿಂತ ಒಳ್ಳೆಯದು. ಆಗದಿದ್ದರೆ ತಣ್ಣನೆಯ ಹಾಲಿನಲ್ಲಿಟ್ಟು ಕೂಡಲೇ ದಂತವೈದ್ಯರ ಬಳಿ ಒಯ್ಯಬೇಕು. ನೀರಿನಲ್ಲಿಟ್ಟರೆ ಕೋಶಗಳು ಉಬ್ಬಿ ಒಡೆಯುತ್ತವೆ. ಹಾಲುಹಲ್ಲನ್ನು ಮಾತ್ರ ಮರಳಿ ಕೂರಿಸಬಾರದು, ಅದರಡಿ ಬೆಳೆಯುತ್ತಿರುವ ಹಲ್ಲಿಗೆ ಪೆಟ್ಟಾದೀತು.

ತಿರುಳನ್ನೇ ಹೊಸದಾಗಿ ಬೆಳೆಸುವ ಆಸೆ 2000ದಲ್ಲಿ ಮನುಷ್ಯರ ಹಲ್ಲಿನ ತಿರುಳಿನಲ್ಲಿ, 2003ರಲ್ಲಿ ಉದುರುವ ಹಾಲುಹಲ್ಲಿನಲ್ಲಿ ಕಾಂಡಕೋಶಗಳು ಸಿಕ್ಕ ಮೇಲೆ ಚಿಗುರಿತು. 2017ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನ ಪಾಲ್ ಶಾರ್ಪ್ ತಂಡ ಆಲ್‌ಝೈಮರ್ಸ್ ಕಾಯಿಲೆಗೆಂದು ಪರೀಕ್ಷಿಸಲಾಗಿದ್ದ ಟೈಡೆಗ್ಲುಸಿಬ್ ಔಷಧವನ್ನು ಕೊಲ್ಲಾಜೆನ್ ಸ್ಪಂಜಿಗೆ ಹೀರಿಸಿ ಚಿಕ್ಕ ಜಾತಿಯ ಇಲಿಗಳ (ಮೌಸ್) ಹಲ್ಲಿನ ಗುಳಿಯಲ್ಲಿಟ್ಟಿತು. ಸ್ಪಂಜು ಕರಗಿದಂತೆ ಅದರ ಜಾಗದಲ್ಲಿ ಸಹಜ ಡೆಂಟಿನ್ ಬೆಳೆಯಿತು. ಆದರೆ ಮನುಷ್ಯರ ಹಲ್ಲಿನ ಗುಳಿ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಅಲ್ಲಿ ಉರಿಯೂತವೂ ಮೊದಲೇ ಇರುತ್ತದೆ. ಎನಾಮಲ್‌ನ ವಿಷಯದಲ್ಲಿ ಸಂಶೋಧನೆ ಇನ್ನೂ ಹಿಂದಿದೆ: ಅದನ್ನು ಕಟ್ಟುವ ಕೋಶಗಳೇ ಬೆಳೆದ ಹಲ್ಲಿನಲ್ಲಿ ಉಳಿದಿಲ್ಲವಾದ್ದರಿಂದ, ಕಳೆದುಹೋದ ಎನಾಮಲ್‌ಗೆ ಕಾಂಪೋಸಿಟ್, ಸಿಮೆಂಟ್ ಮತ್ತು ಕ್ಯಾಪ್‌ಗಳೇ ಇಂದಿಗೂ ಬದಲಿ.