ಕೊಪ್ಪಳ ಸೀಮೆಯ ಪರಿಚಯ: ನಾಲ್ಕು ತಾಲೂಕು ಏಳಾದ ಬಗೆ



ಕಾಫಿ ಕೊಯ್ಲು, ಅಡಿಕೆ ಸುಲಿತ ಶುರುವಾಯಿತೆಂದರೆ ನಮ್ಮ ತೋಟಗಳಿಗೆ ಬಯಲುಸೀಮೆಯ ಕೆಲಸಗಾರರು ಬರುವುದು ವಾಡಿಕೆ. ಅವರಲ್ಲಿ ಕೊಪ್ಪಳ ಜಿಲ್ಲೆಯವರೂ ಇರುತ್ತಾರೆ. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ‘ಕೊಪ್ಪಳ ಕಡೆಯವರು’ ಎಂದಷ್ಟೇ ಬರೆದು ಸುಮ್ಮನಾಗುವುದು ನಮ್ಮ ರೂಢಿ. ಇದು ಸಾಲದು. ಆ ಸೀಮೆ ಹೇಗಿದೆ, ಅದರ ತಾಲೂಕುಗಳು ಯಾವುವು, ಪೂರ್ತಿ ವಿಳಾಸವನ್ನು ಸರಿಯಾಗಿ ಬರೆದಿಡುವುದರಿಂದ ಏನು ಪ್ರಯೋಜನ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ನೆಲ ಮತ್ತು ನೀರು

ಕೊಪ್ಪಳ ಜಿಲ್ಲೆಯ ಉತ್ತರಕ್ಕೆ ಬಾಗಲಕೋಟೆ, ಪೂರ್ವಕ್ಕೆ ರಾಯಚೂರು, ಪಶ್ಚಿಮಕ್ಕೆ ಗದಗ ಜಿಲ್ಲೆಗಳಿವೆ. ದಕ್ಷಿಣದ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಈ ನದಿ ನಮಗೆ ಹೊಸಬಳಲ್ಲ. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಮತ್ತು ಭದ್ರೆ ನಮ್ಮ ಮಲೆಗಳ ನೀರನ್ನೆಲ್ಲ ಕೂಡಿಸಿಕೊಂಡು, ಕೂಡ್ಲಿಯಲ್ಲಿ ಒಂದಾಗಿ ಆ ಕಡೆಗೆ ಹೋಗುತ್ತವೆ. ನಮ್ಮಲ್ಲಿ ಮಳೆಗಾಲದ ಒಂದೇ ತಿಂಗಳಲ್ಲಿ ಸುರಿಯುವಷ್ಟು ಮಳೆ ಅಲ್ಲಿ ಇಡೀ ವರ್ಷಕ್ಕೂ ಬೀಳುವುದು ಕಷ್ಟ. ವರ್ಷದ ಸರಾಸರಿ ಸುಮಾರು 600 ಮಿಲಿಮೀಟರು ಮಾತ್ರ. ಅದೂ ಒಂದು ವರ್ಷ ಬಂದರೆ ಇನ್ನೊಂದು ವರ್ಷ ಕೈಕೊಡುತ್ತದೆ.

ಆದ್ದರಿಂದ ಆ ಜಿಲ್ಲೆಯ ಬಾಳು ನಿಂತಿರುವುದು ತುಂಗಭದ್ರಾ ಅಣೆಕಟ್ಟಿನ ಮೇಲೆ. 1945ರಲ್ಲಿ ಇದರ ಕೆಲಸ ಆರಂಭವಾಗಿ, 1953ರಲ್ಲಿ ಕಾಲುವೆಗಳಿಗೆ ನೀರು ಬಿಡಲಾಯಿತು. ಅಣೆಕಟ್ಟಿನ ಬಲದಂಡೆ ಹೊಸಪೇಟೆಯ ಕಡೆಗಿದೆ. ಎಡದಂಡೆಯ ಮುನಿರಾಬಾದು ಕೊಪ್ಪಳ ತಾಲೂಕಿನದು. ಅಲ್ಲಿಂದ ಹೊರಟ ಎಡದಂಡೆ ಕಾಲುವೆ ಸುಮಾರು 227 ಕಿ.ಮೀ. ಉದ್ದವಿದ್ದು, ಗಂಗಾವತಿ, ಕಾರಟಗಿಗಳ ನೆಲವನ್ನು ತೋಯಿಸಿ ರಾಯಚೂರು ಜಿಲ್ಲೆಯ ಸಿಂಧನೂರು, ಮಾನ್ವಿಗಳತ್ತ ಸಾಗುತ್ತದೆ. ಗಂಗಾವತಿ ಭತ್ತದ ಕಣಜವಾದದ್ದು ಈ ಕಾಲುವೆಯಿಂದ. ಆನೆಗೊಂದಿಯ ಸುತ್ತ ವಿಜಯನಗರದ ಕಾಲದ ಕಾಲುವೆಗಳೂ ಇಂದಿಗೂ ಗದ್ದೆ, ಬಾಳೆತೋಟಗಳಿಗೆ ನೀರುಣಿಸುತ್ತಿವೆ.

ಕುಷ್ಟಗಿ, ಯಲಬುರ್ಗಾಗಳ ಮಾತು ಬೇರೆ. ಅಲ್ಲಿಯ ನೆಲ ಕಾಲುವೆಗಿಂತ ಎತ್ತರದಲ್ಲಿದೆ. ಹರಿಯುವ ನೀರು ತಾನಾಗಿ ಮೇಲೇರಲಾರದು. ಯಲಬುರ್ಗಾದ ಎರೆಭೂಮಿಯಲ್ಲಿ ಜೋಳ, ಕಡಲೆ ಬೆಳೆದರೆ, ಕುಷ್ಟಗಿಯ ಮಸಾರಿ ನೆಲದಲ್ಲಿ ಸಜ್ಜೆ, ಶೇಂಗಾ ಹೆಚ್ಚು. ಕೊಳವೆಬಾವಿ ಇದ್ದವರು ದಾಳಿಂಬೆ ಹಾಕುತ್ತಾರೆ. ಉಳಿದವರಿಗೆ ಮಳೆಯೇ ಗತಿ. ಕೊಪ್ಪಳ ತಾಲೂಕಿನಲ್ಲಿ ಎರಡೂ ಬಗೆಯುಂಟು: ನದಿಯ ಕಡೆ ನೀರಾವರಿ, ಅಳವಂಡಿಯ ಕಡೆ ಎರೆ ಹೊಲ. ಹೀಗೆ ಒಂದೇ ಜಿಲ್ಲೆಯಲ್ಲಿ ನೀರು ತಲುಪಿದ ನಾಡು, ತಲುಪದ ನಾಡು ಎಂಬ ಎರಡು ಭಾಗಗಳಿವೆ. ಹಿಂಗಾರಿ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ದುಡಿಯಲು ಹೊರಡುವವರು ಹೆಚ್ಚಾಗಿ ಎರಡನೆಯ ಭಾಗದವರು.

ಇಲ್ಲಿ ನಾವು ನೆನೆಯಬೇಕಾದ ಇನ್ನೊಂದು ಸಂಗತಿಯಿದೆ. ಜಲಾಶಯ ಕಟ್ಟಿದಾಗ ಅದರಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು, ಈಗ ಹಿಡಿಯುವುದು ಸುಮಾರು 105 ಮಾತ್ರ. ಉಳಿದ ಜಾಗವನ್ನು ಮೇಲಿನ ಸೀಮೆಗಳಿಂದ ಹರಿದುಹೋದ ಹೂಳು ತುಂಬಿದೆ. ಅದರಲ್ಲಿ ಗುಡ್ಡ, ಗಣಿ, ಹೊಲಗಳ ಪಾಲಿರುವಂತೆ ತೋಟಗಳ ಪಾಲೂ ಇದೆ. ಇಳಿಜಾರಿನಲ್ಲಿ ತೊಟ್ಟಿಲುಗುಂಡಿ ತೆಗೆಯುವುದು, ಬಸಿಗಾಲುವೆಯ ಮಣ್ಣನ್ನು ತೋಟದಲ್ಲೇ ತಡೆಯುವುದು ನಮ್ಮ ಗಿಡಗಳಿಗೆ ಒಳ್ಳೆಯದು, ಕೆಳಗಿನವರಿಗೂ ಉಪಕಾರ.

ಆಡಳಿತದ ಗೆರೆಗಳು

ನೀರಿನ ಗೆರೆ ಹೀಗಾದರೆ, ಕಾಗದದ ಮೇಲಿನ ಗೆರೆಗಳು ಹಲವು ಬಾರಿ ಬದಲಾಗಿವೆ. ಈ ಸೀಮೆ ಮೊದಲು ಹೈದರಾಬಾದು ಸಂಸ್ಥಾನದಲ್ಲಿತ್ತು. ಕೊಪ್ಪಳ, ಯಲಬುರ್ಗಾಗಳು ಸಾಲಾರ್ ಜಂಗ್ ಮನೆತನದ ಜಹಗೀರಾಗಿದ್ದವು. 1948ರ ಸೆಪ್ಟೆಂಬರಿನಲ್ಲಿ ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆಯ ಭಾಗವಾಗಿ ಇದು ಮೈಸೂರು ರಾಜ್ಯಕ್ಕೆ ಸೇರಿತು. 1997ರ ಆಗಸ್ಟಿನಲ್ಲಿ ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂಬ ನಾಲ್ಕು ತಾಲೂಕುಗಳ ಹೊಸ ಜಿಲ್ಲೆಯಾಯಿತು. 2018ರಲ್ಲಿ ಗಂಗಾವತಿಯಿಂದ ಕಾರಟಗಿ ಮತ್ತು ಕನಕಗಿರಿ, ಯಲಬುರ್ಗಾದಿಂದ ಕುಕನೂರು ಪ್ರತ್ಯೇಕ ತಾಲೂಕುಗಳಾದವು. ಈಗ ಒಟ್ಟು ಏಳು ತಾಲೂಕುಗಳಿವೆ. 2011ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 13 ಲಕ್ಷ 90 ಸಾವಿರ.

ತಾಲೂಕಿನ ಕೆಳಗೆ ನಮ್ಮಲ್ಲಿರುವಂತೆಯೇ ಹೋಬಳಿ, ಅದರ ಕೆಳಗೆ ಗ್ರಾಮ. ಕಾರಟಗಿಯವರೊಬ್ಬರ ಹಳೆಯ ಕಾಗದದಲ್ಲಿ ‘ಗಂಗಾವತಿ ತಾಲೂಕು, ರಾಯಚೂರು ಜಿಲ್ಲೆ’ ಎಂದೂ, ಹೊಸ ಕಾಗದದಲ್ಲಿ ‘ಕಾರಟಗಿ ತಾಲೂಕು, ಕೊಪ್ಪಳ ಜಿಲ್ಲೆ’ ಎಂದೂ ಇರಬಹುದು. ಎರಡೂ ಸರಿಯೇ. ಊರಿನ ಹೆಸರನ್ನು ಮಾತ್ರ ನಂಬಿದರೂ ಮೋಸಹೋಗುತ್ತೇವೆ. ಹಳೆಯ ಯಲಬುರ್ಗಾ ತಾಲೂಕಿನಲ್ಲಿ ಮಂಗಳೂರು ಎಂಬ ಊರೂ ಇದೆ. ‘ನಮ್ಮೂರು ಮಂಗಳೂರ್ರೀ’ ಎಂದವರನ್ನು ಕರಾವಳಿಯವರೆಂದು ಬರೆದುಕೊಂಡರೆ ತಪ್ಪಾದೀತು.

ಒಂದು ಗೆರೆಯ ಬೆಲೆ

ಇಷ್ಟು ಸಣ್ಣ ತಪ್ಪಿನಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ಕೊಪ್ಪಳ ಜಿಲ್ಲೆ ಇಂದು ಕಲ್ಯಾಣ ಕರ್ನಾಟಕವೆಂದು ಕರೆಯುವ ಪ್ರದೇಶಕ್ಕೆ ಸೇರಿದೆ. ಸಂವಿಧಾನದ 371ಜೆ ವಿಧಿಯ ಪ್ರಕಾರ ಆ ಪ್ರದೇಶದವರಿಗೆ ವಿದ್ಯಾಸಂಸ್ಥೆಗಳಲ್ಲಿ ಮತ್ತು ಸರ್ಕಾರಿ ನೌಕರಿಯಲ್ಲಿ ಮೀಸಲು ಸ್ಥಾನಗಳುಂಟು. ಅದಕ್ಕೆ ಬೇಕಾದ ಅರ್ಹತಾ ಪ್ರಮಾಣಪತ್ರವನ್ನು ಉಪವಿಭಾಗಾಧಿಕಾರಿಗಳು ಕೊಡುತ್ತಾರೆ. ತಂದೆ ಅಥವಾ ತಾಯಿ ಆ ಪ್ರದೇಶದವರೆಂಬ ಆಧಾರದ ಮೇಲೂ ಮಕ್ಕಳಿಗೆ ಇದು ದೊರೆಯಲು ಅವಕಾಶವಿದೆ. ಆದರೆ ಆಧಾರವೆಂದರೆ ಕಾಗದ. ನಮ್ಮ ಲೈನುಮನೆಯಲ್ಲಿ ಬೆಳೆದ ಮಗುವನ್ನು ಇಲ್ಲಿಯ ಶಾಲೆಗೆ ಸೇರಿಸುವಾಗ ತಂದೆತಾಯಿಯ ಸ್ವಂತ ಊರು ತಪ್ಪಾಗಿ ದಾಖಲಾದರೆ, ಹದಿನೈದು ವರ್ಷಗಳ ನಂತರ ಆ ಮಗು ಕಾಲೇಜಿನ ಬಾಗಿಲಲ್ಲಿ ನಿಂತಾಗ ತೊಡಕು ಎದುರಾಗಬಹುದು. ಅಂದು ಅರ್ಜಿ ತುಂಬಿಕೊಟ್ಟ ನಮಗೆ ಅದರ ನೆನಪೂ ಇರುವುದಿಲ್ಲ.

ಆದ್ದರಿಂದ ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೇ. ಈ ಸಲದ ಕೊಯ್ಲಿಗೆ ಬಂದವರ ಹೆಸರಿನ ಮುಂದೆ ಗ್ರಾಮ, ಹೋಬಳಿ, ತಾಲೂಕು, ಜಿಲ್ಲೆ ನಾಲ್ಕನ್ನೂ ಬರೆದುಕೊಳ್ಳಿ. ತಾಲೂಕು ಬದಲಾಗಿದ್ದರೆ ಹಳೆಯದನ್ನೂ ಪಕ್ಕದಲ್ಲಿ ನಮೂದಿಸಿ. ಅವರ ಬಳಿಯಿರುವ ಪಹಣಿ, ಪಡಿತರ ಚೀಟಿ ನೋಡಿ ಬರೆದರೆ ಇನ್ನೂ ಒಳ್ಳೆಯದು. ಮಕ್ಕಳಿದ್ದರೆ, ಶಾಲೆಯ ಅರ್ಜಿ ತುಂಬುವಾಗ ಜೊತೆಗೆ ಕುಳಿತು ಒಮ್ಮೆ ಓದಿ ಹೇಳಿ. ನಮಗೆ ತಗಲುವುದು ಐದು ನಿಮಿಷ. ನಮ್ಮ ಹೊಳೆಯ ನೀರನ್ನೇ ನೆಚ್ಚಿರುವ ನಾಡಿನಿಂದ ನಮ್ಮ ಫಸಲು ಬಿಡಿಸಲು ಬಂದವರಿಗೆ ಇಷ್ಟಾದರೂ ಮಾಡುವುದು ನಮ್ಮ ಕರ್ತವ್ಯ.