ಕೆಟಲ್‌ಗೆ ಎಷ್ಟು ದಿನಕ್ಕೊಮ್ಮೆ ಪರೀಕ್ಷೆ?

ಬ್ರಿಟನ್ನಿನ ಕಚೇರಿಗಳಲ್ಲಿ ಕೆಟಲ್, ಫ್ಯಾನುಗಳ ಪ್ಲಗ್ ಮೇಲೆ ಹಸಿರು ಚೀಟಿ ಅಂಟಿಸಿರುತ್ತಾರೆ. ಉಪಕರಣವು ಸುರಕ್ಷತಾ ಪರೀಕ್ಷೆಯಲ್ಲಿ ಪಾಸಾಗಿದೆ ಎಂಬುದರ ಗುರುತು ಅದು. ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸಲೇಬೇಕೆಂಬ ಕಾನೂನಿದೆ ಎಂದು ನಂಬಿದವರು ಅಲ್ಲಿ ಬಹಳ. ಅಂಥ ಕಾನೂನಿಲ್ಲ. ಕೆಲಸದ ಜಾಗದ ವಿದ್ಯುತ್ ಉಪಕರಣಗಳಿಂದ ಅಪಾಯವಾಗದಂತೆ ನೋಡಿಕೊಳ್ಳಬೇಕು ಎನ್ನುತ್ತದೆ 1989ರ ನಿಯಮಾವಳಿ. ಎಷ್ಟು ದಿನಕ್ಕೊಮ್ಮೆ ಎಂಬುದನ್ನು ಅದು ಹೇಳುವುದಿಲ್ಲ.

ಅದಕ್ಕೆ ಕಾರಣವಿದೆ. ಎಲ್ಲ ಉಪಕರಣಗಳೂ ಒಂದೇ ರೀತಿ ಸವೆಯುವುದಿಲ್ಲ. ಮೇಜಿನ ಮೇಲಿನ ಕಂಪ್ಯೂಟರ್ ಕದಲುವುದೇ ಅಪರೂಪ. ಕೆಟಲನ್ನು ದಿನಕ್ಕೆ ಹತ್ತಾರು ಸಲ ಎತ್ತಿ ಇಳಿಸುತ್ತಾರೆ. ಒದ್ದೆ ಕೈ, ಬಿಸಿ, ನೀರು ಎಲ್ಲವೂ ಅದಕ್ಕೆ ತಾಗುತ್ತವೆ. ಆದ್ದರಿಂದ ಕಚೇರಿಯ ಕೆಟಲ್‌ಗೆ ಒಂದೆರಡು ವರ್ಷಕ್ಕೊಮ್ಮೆ, ಅರ್ಥ್ ಇರುವ ಕಂಪ್ಯೂಟರಿಗೆ ಐದು ವರ್ಷದೊಳಗೆ ಒಮ್ಮೆ ಪರೀಕ್ಷೆ ಸಾಕು ಎಂಬುದು ಅಲ್ಲಿನ ಸುರಕ್ಷತಾ ಇಲಾಖೆಯ ಸಲಹೆ. ಕಟ್ಟಡ ಕಟ್ಟುವ ಜಾಗದಲ್ಲಿ 230 ವೋಲ್ಟಿನ ಡ್ರಿಲ್ ಬಳಸಿದರೆ ತಿಂಗಳಿಗೊಮ್ಮೆ.

ಪರೀಕ್ಷೆ ಮುಖ್ಯವಾಗಿ ಎರಡು ಸಂಗತಿಗಳನ್ನು ಅಳೆಯುತ್ತದೆ. ಮೊದಲನೆಯದು ಅರ್ಥ್. ಒಳಗಿನ ಫೇಸ್ ತಂತಿ ಕಳಚಿ ಲೋಹದ ಮೈಗೆ ತಾಗಿದರೆ, ಅರ್ಥ್ ತಂತಿ ಆ ಕರೆಂಟಿಗೆ ಸಲೀಸಾದ ದಾರಿ ಕೊಟ್ಟು ಫ್ಯೂಸ್ ಹಾರುವಂತೆ ಮಾಡಬೇಕು. ಎರಡನೆಯದು ತಂತಿಗಳ ಇನ್ಸುಲೇಶನ್. 500 ವೋಲ್ಟ್ ಡಿ.ಸಿ. ಹಾಕಿ ಕರೆಂಟ್ ಸೋರುತ್ತದೆಯೇ ಎಂದು ನೋಡುತ್ತಾರೆ. ಚೌಕದೊಳಗೆ ಚೌಕದ ಚಿಹ್ನೆಯಿರುವ ಉಪಕರಣಗಳಿಗೆ ಎರಡು ಪದರದ ಇನ್ಸುಲೇಶನ್ ಇರುತ್ತದೆ, ಅರ್ಥ್ ಬೇಕಿಲ್ಲ.

ಅರ್ಥ್ ತಂತಿ ತುಂಡಾದರೂ ಕೆಟಲ್ ಎಂದಿನಂತೆ ನೀರು ಕಾಯಿಸುತ್ತದೆ. ಈ ದೋಷ ಕಣ್ಣಿಗೆ ಬೀಳುವುದಿಲ್ಲ, ಮೀಟರಿಗಷ್ಟೇ ಸಿಗುತ್ತದೆ. ಆದರೆ ಸುಲಿದ ವಯರು, ಒಡೆದ ಪ್ಲಗ್, ಸುಟ್ಟ ಕಲೆಗಳಂಥ ಬಹುಪಾಲು ದೋಷಗಳು ಕಣ್ಣಿಗೇ ಕಾಣುತ್ತವೆ. ಚೀಟಿ ಹೇಳುವುದು ಪರೀಕ್ಷೆ ನಡೆದ ದಿನದ ಸ್ಥಿತಿಯನ್ನು ಮಾತ್ರ. ಮರುದಿನವೇ ವಯರು ಬಾಗಿಲ ಸಂದಿಗೆ ಸಿಕ್ಕಿ ನಜ್ಜುಗುಜ್ಜಾಗಬಹುದು.

ನಮ್ಮ ಮನೆಗಳಿಗೆ ಬರುವುದೂ 230 ವೋಲ್ಟೇ. ಮೂರು ಪಿನ್ನಿನ ಇಸ್ತ್ರಿಪೆಟ್ಟಿಗೆಯನ್ನು ಎರಡು ಪಿನ್ನಿನ ಅಡಾಪ್ಟರಿಗೆ ಸಿಕ್ಕಿಸಿದರೆ ಅರ್ಥ್ ಇದ್ದೂ ಇಲ್ಲದಂತೆ. ಆ ಅಭ್ಯಾಸವನ್ನು ಇಂದೇ ಬಿಡಬೇಕು. ಪ್ಲಗ್ ಹಾಕುವ ಮುನ್ನ ಪ್ರತಿ ಸಲ ವಯರನ್ನು ನೋಡಿ. ಕೈಯಲ್ಲಿ ಹಿಡಿಯುವ, ಬಿಸಿಯಾಗುವ, ನೀರು ತಾಗುವ ಉಪಕರಣಗಳನ್ನು ಎಲೆಕ್ಟ್ರಿಷಿಯನ್ ಕೈಲಿ ಆಗಾಗ ಮೀಟರ್ ಹಾಕಿಸಿ ನೋಡಿಸಿ. ಮುಟ್ಟಿದರೆ ಜುಮ್ಮೆನ್ನುವ ಉಪಕರಣವನ್ನು ಮಾತ್ರ ಯಾವ ದಿನಕ್ಕೂ ಕಾಯದೆ ತಕ್ಷಣ ಬದಿಗಿಡಿ.