ಮಗುವನ್ನು ಇನ್ನೂ ಅಪ್ಪಿಕೊಳ್ಳದ ತಾಯಿ

ಆಸ್ಟ್ರೇಲಿಯಾ ಮೂಲದ ಶಿಲ್ಪಿ ರಾನ್ ಮ್ಯೂಕ್ ಅವರ ‘ತಾಯಿ ಮತ್ತು ಮಗು’ ಎಂಬ ಶಿಲ್ಪ 2003ರಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಪ್ರದರ್ಶನಗೊಂಡಿತು. ಉದ್ದ ಸುಮಾರು 89 ಸೆಂಟಿಮೀಟರ್ ಮಾತ್ರ. ಆದರೂ ಜೀವಂತ ಹೆಂಗಸೇ ಎನ್ನಿಸುವಷ್ಟು ನೈಜ. ಆಗತಾನೇ ಹೆತ್ತ ತಾಯಿ ಅಂಗಾತ ಮಲಗಿದ್ದಾಳೆ. ಹೊಕ್ಕುಳಬಳ್ಳಿ ಕತ್ತರಿಸದ ಕೂಸು ಅವಳ ಹೊಟ್ಟೆಯ ಮೇಲಿದೆ. ಅವಳು ತಲೆಯೆತ್ತಿ ಅದನ್ನೇ ನೋಡುತ್ತಿದ್ದಾಳೆ. ಮುಖದಲ್ಲಿ ನಗುವಿಲ್ಲ; ಕೈಗಳು ಮೈಯ ಪಕ್ಕದಲ್ಲೇ ಇವೆ.

‘ಇವಳೆಂಥ ತಾಯಿ?’ ಎಂದು ಕೆಲವರಿಗೆ ಅನ್ನಿಸೀತು. ಆದರೆ ವೈದ್ಯರಿಗೆ ಈ ನೋಟ ಹೊಸದಲ್ಲ. ಹೆತ್ತ ಕ್ಷಣವೇ ಮಮತೆ ಉಕ್ಕಿ ಬರಬೇಕೆಂಬ ನಿಯಮವಿಲ್ಲ. ನೋವು, ದಣಿವು, ಅಂಜಿಕೆಗಳ ನಡುವೆ ಕೆಲವರಲ್ಲಿ ಅದು ದಿನಗಳೆದಂತೆ ಬೆಳೆಯುತ್ತದೆ. ಅಂಥವಳು ಕೆಟ್ಟ ತಾಯಿಯಲ್ಲ.

ಹೆರಿಗೆಯಾದೊಡನೆ ಈಸ್ಟ್ರೋಜೆನ್, ಪ್ರೊಜೆಸ್ಟರಾನ್ ಹಾರ್ಮೋನುಗಳ ಪ್ರಮಾಣ ಥಟ್ಟನೆ ಇಳಿಯುತ್ತದೆ. ಜೊತೆಗೆ ನಿದ್ದೆಗೇಡು. ಹೀಗಾಗಿ ಅರ್ಧಕ್ಕಿಂತ ಹೆಚ್ಚು ಬಾಣಂತಿಯರಿಗೆ ಎರಡು ಮೂರನೆಯ ದಿನದಿಂದ ಕಾರಣವಿಲ್ಲದೆ ಅಳು, ಸಿಡಿಮಿಡಿ, ಕಳವಳ ಕಾಣಿಸಿಕೊಳ್ಳುತ್ತವೆ. ವಿಶ್ರಾಂತಿ ಮತ್ತು ಸಾಂತ್ವನ ದೊರೆತರೆ ಎರಡು ವಾರದೊಳಗೆ ತಾವಾಗಿಯೇ ಕಡಿಮೆಯಾಗುತ್ತವೆ.

ಎರಡು ವಾರ ಕಳೆದರೂ ಮಂಕುತನ ಹೋಗದಿದ್ದರೆ ಅದು ಖಿನ್ನತೆಯಿರಬಹುದು. ಮಗು ಮಲಗಿದಾಗಲೂ ನಿದ್ದೆ ಬಾರದಿರುವುದು, ಊಟ ಸೇರದಿರುವುದು, ಮಗುವಿನ ಬಗ್ಗೆ ನಿರಾಸಕ್ತಿ ಅಥವಾ ಅತಿಯಾದ ಭಯ, ‘ನಾನು ಯಾತಕ್ಕೂ ಬಾರದವಳು’ ಎಂಬ ಭಾವನೆ ಇದರ ಲಕ್ಷಣಗಳು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಅಭಿವೃದ್ಧಿಶೀಲ ದೇಶಗಳಲ್ಲಿ ಹೆರಿಗೆಯ ನಂತರ ಸುಮಾರು ಐವರಲ್ಲಿ ಒಬ್ಬ ತಾಯಿಗೆ ಮಾನಸಿಕ ತೊಂದರೆ, ಮುಖ್ಯವಾಗಿ ಖಿನ್ನತೆ ಉಂಟಾಗುತ್ತದೆ. ಗಂಡನ ಕುಡಿತ, ಹೊಡೆತ, ಹೆಣ್ಣು ಹುಟ್ಟಿತೆಂಬ ಮನೆಯವರ ಮುನಿಸು ಇದನ್ನು ಹೆಚ್ಚಿಸುತ್ತವೆ. ರಕ್ತಹೀನತೆ, ಥೈರಾಯ್ಡ್ ದೋಷಗಳಿಂದಲೂ ಇಂಥದೇ ಲಕ್ಷಣಗಳು ಬರಬಹುದಾದ್ದರಿಂದ ರಕ್ತಪರೀಕ್ಷೆ ಅಗತ್ಯ.

ಖಿನ್ನತೆಗೆ ಆಪ್ತಸಲಹೆ ಮತ್ತು ಔಷಧಗಳಿವೆ. ಎದೆಹಾಲು ಕುಡಿಸುತ್ತಲೇ ತೆಗೆದುಕೊಳ್ಳಬಹುದಾದ ಮಾತ್ರೆಗಳೂ ಉಂಟು. ವೈದ್ಯರನ್ನು ಕೇಳದೆ ಮಾತ್ರೆಯನ್ನಾಗಲಿ, ಹಾಲೂಡಿಸುವುದನ್ನಾಗಲಿ ನಿಲ್ಲಿಸಬಾರದು.

ಸಾವಿರಕ್ಕೆ ಒಬ್ಬಿಬ್ಬರಲ್ಲಿ ಕಾಣುವ ಬಾಣಂತಿ ಸನ್ನಿ ಮಾತ್ರ ತುರ್ತುಸ್ಥಿತಿ. ಇಲ್ಲದ ದನಿ ಕೇಳಿಸುವುದು, ವಿಪರೀತ ಶಂಕೆ, ಅಸಂಬದ್ಧ ಮಾತು ಕಂಡರೆ ಅಥವಾ ತನಗೋ ಮಗುವಿಗೋ ಏನಾದರೂ ಮಾಡಿಕೊಳ್ಳುವ ಮಾತು ಬಂದರೆ ತಾಯಿ ಮಗುವನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ‘ಗಾಳಿ ಸೋಕಿದೆ’ ಎಂದು ಮಂತ್ರ, ತಾಯಿತಗಳಲ್ಲಿ ಕಾಲ ಕಳೆಯಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ದಾಖಲಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಸಲಹೆ ಪಡೆಯಬಹುದು.

ನಮ್ಮ ಮನೆಗಳಲ್ಲಿ ಬಾಣಂತಿಯ ಎಣ್ಣೆನೀರು, ಪಥ್ಯ, ಬೆಚ್ಚನೆಯ ಕೋಣೆ ಎಲ್ಲದರ ಬಗ್ಗೆಯೂ ಕಾಳಜಿಯಿದೆ. ನೋಡಲು ಬಂದವರೆಲ್ಲ ಕೇಳುವುದು ಮಗುವಿನ ತೂಕವನ್ನು. ತಾಯಿಯ ಪಕ್ಕದಲ್ಲಿ ಐದು ನಿಮಿಷ ಕುಳಿತು, ‘ನಿನಗೆ ನಿದ್ದೆ ಬರುತ್ತಿದೆಯೇನಮ್ಮ? ಮನಸ್ಸು ಹೇಗಿದೆ?’ ಎಂದು ಕೇಳಿ. ಅವಳು ಅತ್ತರೆ ಬೈಯದೆ, ಬುದ್ಧಿ ಹೇಳದೆ ಕೇಳಿಸಿಕೊಳ್ಳಿ. ರಾತ್ರಿ ಒಂದು ಸರದಿ ಮಗುವನ್ನು ಗಂಡ ಎತ್ತಿಕೊಂಡು ಅವಳಿಗೆ ನಾಲ್ಕು ತಾಸು ನಿದ್ದೆ ಸಿಗುವಂತೆ ಮಾಡಿದರೆ, ಅದೂ ಚಿಕಿತ್ಸೆಯ ಒಂದು ಭಾಗವೇ.